ಇಜೇರಿಗೆಂದು ಉಳಿಸಿದ ಪೆಟ್ರೋಲು

ಆಗಿನದು ಲಡಾಯಿಯ ಕಾಲ, ಎರಡನೇ ಮಹಾಯುದ್ಧ. ಚಿಮಣಿಗೆ ಎಣ್ಣೆ ಸಿಕ್ಕರೆ ಅದೇ ಹಬ್ಬ. ಪೆಟ್ರೋಲಂತೂ ಸರ್ಕಾರದ ಚೀಟಿ ಇದ್ದವರಿಗಷ್ಟೇ, ಅದೂ ಅಳೆದು. ಆಳಂದದಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ನಮ್ಮಪ್ಪನ ಬಳಿ ಒಂದು ಹಳೇ ಮೋಟಾರಿತ್ತು. ಅವ್ವ ತೀರಿಹೋಗಿದ್ದಳು. ಮನೆಯನ್ನೂ ನನ್ನನ್ನೂ ನೋಡಿಕೊಳ್ಳುತ್ತಿದ್ದವಳು ಅಪ್ಪನ ಅಕ್ಕ, ನನ್ನ ಅತ್ತಿ.

ಆ ವರ್ಷ ಥಂಡಿ ಬಲು ಜೋರು. ಮುಂಜಾನೆ ಇಂಜಿನ್ ಬಿಸಿಯಾಗುವುದರೊಳಗೆ ಸುಮ್ಮನೆ ಪೆಟ್ರೋಲು ಕುಡಿಯುತ್ತದೆಂದು ಅಪ್ಪ ಗೊಣಗುತ್ತಿದ್ದ. ಒಂದು ದಿನ ಅತ್ತಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸುಟ್ಟು, ಬುಟ್ಟಿಗೆ ದಪ್ಪ ಅರಿವೆ ಮುಚ್ಚಿದಳು. ನೋಡುತ್ತಿದ್ದ ಅಪ್ಪ, "ರೊಟ್ಟಿ ಬೆಚ್ಚಗ ಇರ್ತಾವಂದ್ರ ಇಂಜಿನ್ ಯಾಕ ಇರಬಾರ್ದಕ್ಕಾ?" ಅಂದ.

ಅವತ್ತೇ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮೋಟಾರಿನ ಮುಂದಿನ ಜಾಳಿಗೆಯನ್ನು ಅರ್ಧ ಮುಚ್ಚಿದ, ತಣ್ಣನೆ ಗಾಳಿ ಒಳಗೆ ಹೋಗದಿರಲೆಂದು. ನಿಂತಾಗ ಇಂಜಿನ್ ಮೇಲೆ ಹೊದಿಸಲು ದಪ್ಪನೆಯದೊಂದು ಬೇಕಿತ್ತು.

"ನೀಲಾ, ನಿನ್ನ ಕೌದಿ ಕೊಡ್ತಿ ಏನ್?"

ಅವ್ವ ತನ್ನ ಹಳೇ ಸೀರೆಗಳಿಂದ ಹೊಲಿದ ಕೌದಿ ಅದು. ನಾನು ಅದನ್ನು ಮಡಿಚಿ ಅದರ ಮೇಲೆ ಕೂತೆ.

"ಉಳಿದ ಪೆಟ್ರೋಲೆಲ್ಲ ಒಂದು ಡಬ್ಬಿಗಿ ಹಾಕಮು. ಡಬ್ಬಿ ತುಂಬಿದ ದಿನಾ ಇಜೇರಿಗಿ, ನಿಮ್ಮ ಆಯಿ ಕಡಿ ಹೋಗಮು."

ಆಯಿ ಅಂದರೆ ಅವ್ವನ ತಾಯಿ. "ಖರೇನ್ ಅಪ್ಪಾ?"

"ನಿನ್ನ ಆಣಿ."

ಕೊಟ್ಟೆ. ಅತ್ತಿಯ ಚುಚ್ಚುವ ಕಂಬಳಿಯಲ್ಲಿ ಮಲಗಿದೆ. ಇಳಿಜಾರಿನಲ್ಲಿ ಅಪ್ಪ ಇಂಜಿನ್ ಬಂದ್ ಮಾಡಿ ಮೋಟಾರು ಉರುಳಿಸುವುದನ್ನು ಕಲಿತ. ಅವನು ಬಂದೊಡನೆ ನಾನು ಗಜ್ಜುಗದಾಟ ಬಿಟ್ಟು ಓಡಿ, ಡಬ್ಬಿಯೊಳಗೆ ಜೋಳದ ದಂಟು ಇಳಿಸಿ ಎಷ್ಟು ತೊಯ್ದಿದೆಯೆಂದು ನೋಡುತ್ತಿದ್ದೆ. ಸುಟ್ಟ ಎಳೆಜೋಳದ ಸೀತನಿ ತಿನ್ನುವ ಕೈಗೂ ಪೆಟ್ರೋಲಿನ ವಾಸನೆ.

ಡಬ್ಬಿ ತುಂಬಿತು. ಆಯಿಗೆಂದು ಅತ್ತಿಯ ಕೈಲಿ ಎಳ್ಳುಹೋಳಿಗೆ ಮಾಡಿಸಿ ಗಂಟು ಕಟ್ಟಿಟ್ಟೆ. ಬೆಳಿಗ್ಗೆ ಎದ್ದರೆ ಮೋಟಾರಿಲ್ಲ, ಡಬ್ಬಿ ಬರಿದಾಗಿತ್ತು.

"ಅಫಜಲಪುರ ಕಡಿ ಕೆಲಸಾ ಅದ ಅಂತ ಹೋದ," ಅಂದಳು ಅತ್ತಿ, ಒಲೆಯ ಕಡೆ ಮುಖ ಮಾಡಿಕೊಂಡೇ.

ಮರುದಿನ ಸಂಜೆ ಮೋಟಾರು ಬಂತು. ಒಳಗೆ ಹಸಿರು ಬಳೆ ತೊಟ್ಟ ಹೆಂಗಸೊಬ್ಬಳು ನಡುಗುತ್ತ ಕೂತಿದ್ದಳು, ನನ್ನ ಕೌದಿ ಹೊದ್ದು. ಅತ್ತಿ ಆರತಿ ತಟ್ಟೆ ಹಿಡಿದು ಹೊರಬಂದಾಗಲೇ ನನಗೆ ತಿಳಿದದ್ದು, ಅವಳಿಗೆ ಎಲ್ಲ ಮೊದಲೇ ಗೊತ್ತಿತ್ತೆಂದು.

ಕೆಳಗಿಳಿದ ಹೆಂಗಸು ನನ್ನ ಗಲ್ಲ ಮುಟ್ಟಿ, "ಇಕಿ ಯಾರ ಹುಡುಗೀರಿ?" ಅಂತ ಕೇಳಿದಳು.

ಅಪ್ಪ ಬಗ್ಗಿ ಜಾಳಿಗೆಯ ತಗಡು ಸರಿಮಾಡುತ್ತಿದ್ದ. ಅತ್ತಿಯೇ, "ಅವನ ಮಗಳು," ಅಂದಳು.

ಆ ಹೆಂಗಸಿನ ಕೈ ನನ್ನ ಗಲ್ಲದ ಮೇಲೆಯೇ ನಿಂತಿತು. "ಮಗಳದಾಳಂತ ನಮಗ್ಯಾರೂ ಹೇಳಲಿಲ್ಲಲ್ರಿ," ಅಂದಳು ಮೆಲ್ಲಗೆ.

ಅವಳನ್ನು ಸಿಟ್ಟಿನಿಂದ ನೋಡಬೇಕೆಂದಿದ್ದೆ, ಆಗಲಿಲ್ಲ. ಅವಳಿಗೂ ನನಗಾದದ್ದೇ ಆಗಿತ್ತು.

"ಮುಂದಿನ ಥಂಡಿಗಿ ಮತ್ತ ಉಳಸಮು, ಮಗಾ," ಅಂದ ಅಪ್ಪ, ತಲೆ ಎತ್ತದೆ.

ಮುಂದಿನ ಥಂಡಿಯ ತನಕ ಆಯಿ ಬದುಕಲಿಲ್ಲ. ಅವಳ ಮುಖ ಈಗ ಎಷ್ಟು ನೆನೆದರೂ ಕಣ್ಣಿಗೆ ಬರುವುದಿಲ್ಲ. ಹೊಸ ಅವ್ವ ನನ್ನನ್ನು ಚೆನ್ನಾಗಿಯೇ ನೋಡಿಕೊಂಡಳು. ಅಪ್ಪನೂ ಕೆಟ್ಟವನಲ್ಲ, ಜಾತ್ರೆಗೆ, ಸೀರೆಗೆ, ಬಳೆಗೆ, ಏನು ಬೇಕೆಂದು ಕೇಳುತ್ತಲೇ ಇದ್ದ. ನಾನು ಏನೂ ಬ್ಯಾಡ ಅನ್ನುತ್ತಿದ್ದೆ. ಬದುಕಿರುವವರೆಗೂ ಅವನು ಬಂದವರೆದುರು ಹೆಮ್ಮೆಯಿಂದ ಹೇಳುತ್ತಿದ್ದ, "ನನ್ನ ಮಗಳು ಭಾಳ ಶಾಣ್ಯಾಕಿ ನೋಡ್ರಿ. ಒಂದು ದಿನಾನೂ ಏನೂ ಬೇಡಿದಾಕಿ ಅಲ್ಲ."