ಅಧಿಕ ಮಾಸದ ವಿಳಾಸ

ತೈನಾನಿನ ನಮ್ಮ ಪುಟ್ಟ ಕಚೇರಿಯಲ್ಲಿ ಡೇಟಾಬೇಸಿನ ವಿನ್ಯಾಸ ಸಿಯೋ ಬೀ-ಲಾನ್ ಅವರ ಪಾಲಿನ ಕೆಲಸ. ನಮಗೆಲ್ಲ ಅವರು ಬೀ-ಲಾನಕ್ಕ. ಯೌವನವೆಲ್ಲ ಬೂಟಿನ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕಳೆದಿತ್ತು. ಕಾರ್ಖಾನೆ ಸಮುದ್ರದಾಚೆಗೆ ಎತ್ತಂಗಡಿಯಾದ ಮೇಲೆ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು, ಸಂಜೆ ತರಗತಿಗೆ ಹೋಗಿ ಈ ವಿದ್ಯೆ ಕಲಿತವರು. ಯಾವ ಸಂಗತಿಯನ್ನು ಎಲ್ಲಿಡಬೇಕು, ಯಾವುದು ಯಾವುದಕ್ಕೆ ಅಂಟಿಕೊಂಡಿರಬೇಕು ಎಂದು ಮೊದಲೇ ತೀರ್ಮಾನಿಸುವ ಕೆಲಸ ಅದು. ಅಲ್ಲಿ ಎಡವಿದರೆ ಅದರ ಮೇಲೆ ಕಟ್ಟಿದ್ದೆಲ್ಲ ಓರೆಯಾಗುತ್ತದೆ. ಹಾಗಾಗಿ ಅಕ್ಕನ ಬಾಯಲ್ಲಿ ಪ್ರಶ್ನೆ ಮುಗಿಯುತ್ತಿರಲಿಲ್ಲ. ಗಿರಾಕಿ "ಒಬ್ಬ ವ್ಯಾಪಾರಿಗೆ ಒಂದು ಅಂಗಡಿ" ಎಂದರೆ, "ಯಾವಾಗ್ಲೂನಾ? ಅವನ ಹೆಂಡ್ತಿ ಹೆಸರಲ್ಲಿ ಇನ್ನೊಂದು ಇಲ್ವಾ?" ಎಂದು ಕೆದಕುತ್ತಿದ್ದರು. ಗಿರಾಕಿಗಳಿಗೆ ಸಿಟ್ಟು ಬರುತ್ತಿತ್ತು. ಇನ್ನೊಂದು ಅಂಗಡಿ ಇದ್ದೇ ಇರುತ್ತಿತ್ತು.

ಕಡಲಂಚಿನ ಒಂದು ಊರಾಡಳಿತ ನಮಗೆ ಕೆಲಸ ಕೊಟ್ಟಿತು. ಸುತ್ತ ಹೂಮೀನು ಸಾಕುವ ಕೆರೆಗಳು, ನೆಲ ತಗ್ಗು. ಚಂಡಮಾರುತ ಬಂದರೆ ಮೊದಲು ಕರೆಂಟು ಹೋಗುತ್ತದೆ, ಆಮೇಲೆ ನೀರು ನುಗ್ಗುತ್ತದೆ. ಮನೆಯಲ್ಲಿ ಆಮ್ಲಜನಕದ ಯಂತ್ರ ಹಾಕಿಕೊಂಡು ಮಲಗಿರುವ ಮುದುಕರನ್ನು ಅಷ್ಟರೊಳಗೆ ಎತ್ತರದ ಶಾಲೆಗೆ ಸಾಗಿಸಬೇಕು. ಯಾರು ಎಲ್ಲಿದ್ದಾರೆ ಎಂಬುದು ಕ್ಷಣದಲ್ಲಿ ತಿಳಿಯಬೇಕು. ಕೆಲಸ ಇಷ್ಟೇ.

ನಮ್ಮ ಯಜಮಾನರು ಯೂ ಅವರಿಗೆ ಇದು ಒಂದು ವಾರದ ಮಾತು. "ಹೆಸರು, ವಿಳಾಸ, ಯಂತ್ರ. ಇನ್ನೇನಿದೆ ಇದ್ರಲ್ಲಿ?"

ಅಕ್ಕ ಬಸ್ಸು ಹಿಡಿದು ಆ ಊರಿಗೆ ಹೋಗಿ ಮನೆಮನೆ ತಿರುಗಿ ಬಂದರು. ಬಂದವರು ಚೀಲ ಇಳಿಸುವ ಮೊದಲೇ, "ವಿಳಾಸ ಒಂದೇ ಇಲ್ಲ ಯಜಮಾನ್ರೇ. ಅಲ್ಲಿ ಮುದುಕ್ರಿಗೆ ಸರತಿ ಊಟ. ತಿಂಗಳಿಗೊಬ್ಬ ಮಗನ ಮನೆ" ಎಂದರು.

"ಹಂಗಾದ್ರೆ ಮೂರು ಕಾಲಂ ಮಾಡು. ದೊಡ್ಡ ಮಗ, ನಡುವಿನವ, ಚಿಕ್ಕವ."

"ನಾಲ್ಕು ಮಕ್ಕಳಿದ್ರೆ?"

"ನಾಲ್ಕು ಮಾಡು ಮಾರಾಯ್ತಿ!"

"ಒಬ್ಬನೇ ಇದ್ರೆ ಮೂರು ಸುಮ್ನೆ ಬಾಯಿ ಬಿಟ್ಕೊಂಡಿರ್ತವೆ. ಅದು ಬೇಡ. ಮನುಷ್ಯರದ್ದು ಒಂದು ಕೋಷ್ಟಕ, ಮನೆಗಳದ್ದು ಒಂದು. ಯಾರು, ಯಾವ ಮನೇಲಿ, ಯಾವತ್ತಿಂದ ಯಾವತ್ತಿನವರೆಗೆ, ಅದು ಮೂರನೇದು. ಯಾರನ್ನ ಯಾವ ಮನೆಗೆ ಬೇಕಾದ್ರೂ ಕಟ್ಟಬಹುದು."

ಯಜಮಾನರು ಗೊಣಗಿದರು, ಒಪ್ಪಿದರು. ಆದರೆ ಪ್ರತಿ ತಿಂಗಳೂ ಊರವರು ಫೋನ್ ಮಾಡಿ ಮನೆ ಬದಲಾಯಿಸಿದೆವೆಂದು ಹೇಳುತ್ತಾರೆಯೇ? ಅದಕ್ಕೂ ಅಕ್ಕ ಉಪಾಯ ಹೂಡಿದರು. ಸರತಿ ನಡೆಯುವುದು ಚಾಂದ್ರಮಾನದ ತಿಂಗಳ ಲೆಕ್ಕದಲ್ಲಿ. ಹೊಸ ತಿಂಗಳ ಪಾಡ್ಯ ಬಂತೆಂದರೆ ಮುದುಕರು ತಾವಾಗಿಯೇ ಮುಂದಿನ ಮನೆಗೆ ದಾಖಲಾಗುವಂತೆ ಮಾಡಿದರು. ಅದು ಅವರ ಹೆಮ್ಮೆಯ ಕೆಲಸ. ಊರಾಡಳಿತದಲ್ಲಿ ಇದರ ಉಸ್ತುವಾರಿ ಹೊತ್ತಿದ್ದ ಲಾಯ್ ಎಂಬ ಯುವಕ ಅಕ್ಕನನ್ನು ಹೊಗಳಿದ್ದೇ ಹೊಗಳಿದ್ದು.

ಒಂದು ವರ್ಷ ಎಲ್ಲ ಸುಸೂತ್ರವಾಗಿ ನಡೆಯಿತು.

ಮರುವರ್ಷ ಬೇಸಿಗೆಯಲ್ಲಿ, ಸಂಜೆಯೊಳಗೆ ಚಂಡಮಾರುತ ದಡ ಮುಟ್ಟುತ್ತದೆ ಎಂದು ಸಾರಿದ್ದ ದಿನ. ಬೆಳಗ್ಗೆ ಅಕ್ಕ ನನ್ನ ಪಕ್ಕದ ಮೇಜಿನಲ್ಲಿ ಕೂತು ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಮಾತು ನಡುವೆಯೇ ನಿಂತಿತು. ಫೋನು ಕಿವಿಯಿಂದ ಕೆಳಗಿಳಿಯಿತು.

"ಏನಾಯ್ತಕ್ಕ?"

"ಅಧಿಕ ಮಾಸ" ಎಂದರು. "ಅಧಿಕ ಮಾಸ ಬಂತಲ್ಲ, ಹೆಣ್ಣುಮಕ್ಕಳು ನಾವು ಅಮ್ಮಂಗೆ ಹಂದಿಕಾಲಿನ ಶ್ಯಾವಿಗೆ ತಗೊಂಡು ಹೋಗಲ್ವಾ ಅಂತ ಅವಳು ಕೇಳಿದ್ಳು. ಈ ಸಲ ಆರನೇ ತಿಂಗಳೇ ಎರಡು ಸಲ ಬಂದಿದೆ, ಈಗ ನಡೀತಿರೋದು ಎರಡನೇದು. ಮೊನ್ನೆ ಪಾಡ್ಯಕ್ಕೆ ನನ್ನ ಪ್ರೋಗ್ರಾಂ ಎಲ್ಲರನ್ನೂ ಮುಂದಿನ ಮನೆಗೆ ದಬ್ಬಿಬಿಟ್ಟಿದೆ."

ನಿಜವಾಗಿ ಮುದುಕರು ಎಲ್ಲಿದ್ದರು? ಕೆಲವು ಮನೆಗಳಲ್ಲಿ ಅಧಿಕ ಮಾಸವೆಂದರೆ ಇದ್ದಲ್ಲೇ ಇರುವುದು. ಕೆಲವರು ಅದನ್ನು ಪಾಲು ಮಾಡಿಕೊಳ್ಳುತ್ತಾರೆ. ಕೆಲವರು ಜಗಳವಾಡುತ್ತಾರೆ. ಅವರನ್ನು ಕರೆತರುವ ಅಗ್ನಿಶಾಮಕದ ಗಾಡಿಗಳು ಮಾತ್ರ ನಮ್ಮ ಪರದೆ ತೋರಿಸಿದ ಮನೆಗೇ ಹೊರಡಲಿದ್ದವು.

ಅಕ್ಕ ತಕ್ಷಣ ಯಜಮಾನರ ಮುಂದೆ ನಿಂತರು. "ಪರದೆ ಮೇಲೆ ಸರತಿಯವರ ಮನೆ ಅಷ್ಟನ್ನೂ ಖಾಲಿ ಮಾಡ್ತೀನಿ."

"ತಲೆ ಕೆಟ್ಟಿದ್ಯಾ ಬೀ-ಲಾನ್? ತೂಫಾನು ಬಾಗಿಲಲ್ಲಿದೆ. ಇಂಥ ಹೊತ್ತಲ್ಲಿ ‘ಗೊತ್ತಿಲ್ಲ’ ಅಂತ ತೋರಿಸ್ತೀಯಾ? ನಮ್ಮ ಮಾನ ಏನಾಗ್ಬೇಕು?"

"ಸುಳ್ಳು ಮನೆ ತೋರಿಸಿದ್ರೆ ಗಾಡಿ ಅಲ್ಲಿಗೆ ಹೋಗುತ್ತೆ. ಖಾಲಿ ತೋರಿಸಿದ್ರೆ ಲಾಯ್ ಫೋನ್ ಮಾಡಿ ಕೇಳ್ತಾನೆ. ಮಾನ ಹೋದ್ರೆ ನಂದು ಹೋಗ್ಲಿ ಬಿಡಿ."

ಯಜಮಾನರು ತಾವೇ ಫೋನ್ ಎತ್ತಿಕೊಂಡು, "ಸರಿ, ನಂಗೂ ಒಂದಷ್ಟು ನಂಬರ್ ಕೊಡು" ಎಂದರು.

ನಾವೆಲ್ಲ ಕೂತು ಫೋನ್ ಮಾಡಿದೆವು, ಅತ್ತ ಲಾಯ್ ಕಡೆಯವರೂ ಮಾಡಿದರು. ಒಬ್ಬೊಬ್ಬರೇ ಸಿಗುತ್ತ ಹೋದರು, ಅಕ್ಕ ಒಂದೊಂದೇ ಮನೆ ತುಂಬುತ್ತ ಹೋದರು. ಊಟದ ಹೊತ್ತು ಮೀರುವಷ್ಟರಲ್ಲಿ ಉಳಿದದ್ದು ಒಬ್ಬರೇ, ಹಾಂಗ್ ಅಜ್ಜಿ. ಯಂತ್ರವಿಲ್ಲದೆ ಅವರಿಗೆ ಉಸಿರು ಕಷ್ಟ.

ದೊಡ್ಡ ಮಗ ಹೇಳಿದ: "ನನ್ನ ತಿಂಗಳು ಮುಗೀತು. ತಮ್ಮನ ಮನೇಲಿದಾಳೆ." ನಡುವಿನವನ ಉತ್ತರ: "ಅಧಿಕ ಮಾಸ ಅಣ್ಣನದ್ದೇ, ನಂದಲ್ಲ." ಚಿಕ್ಕವನು, "ನನ್ನ ಸರತಿ ಇನ್ನೂ ದೂರ ಇದೆ. ಯಾಕೆ, ಅವ್ವಂಗೇನಾಯ್ತು?" ಎಂದು ಗಾಬರಿಯಾದ.

ಅಕ್ಕನ ಅಜ್ಜನೂ ಹೀಗೆಯೇ ಹಾಸಿಗೆ ಸುರುಳಿ ಹಿಡಿದು ಮಕ್ಕಳ ಮನೆ ಸುತ್ತುತ್ತಿದ್ದನಂತೆ. ಸರತಿ ಬದಲಾಗುವ ದಿನ ಇಲ್ಲಿಯವರು ಅಲ್ಲಿದ್ದಾನೆಂದು, ಅಲ್ಲಿಯವರು ಇಲ್ಲಿದ್ದಾನೆಂದು ಸುಮ್ಮನಿದ್ದರು. ಅಜ್ಜ ಯಾರ ಬಾಗಿಲು ತಟ್ಟಲೂ ನಾಚಿ, ಗದ್ದೆಯಂಚಿನ ಭೂಮಿದೇವರ ಗುಡಿಯಲ್ಲಿ ಉಪವಾಸ ಕೂತಿದ್ದ. ಇದನ್ನು ಅಕ್ಕ ನನಗೆ ಹೇಳಿದ್ದು ಆವತ್ತೇ, ಮೂರನೆಯ ಮಗನ ಫೋನ್ ಇಟ್ಟ ಮೇಲೆ. ಹೇಳುತ್ತಿದ್ದಂತೆ ಏನೋ ಹೊಳೆದು ಲಾಯ್‌ಗೆ ಮತ್ತೆ ಫೋನ್ ಮಾಡಿದರು.

"ಅಜ್ಜಿಗೆ ಹೆಣ್ಣುಮಕ್ಕಳಿದಾರಾ ನೋಡಪ್ಪ."

"ಮದುವೆಯಾಗಿ ಹೋದವರನ್ನ ನಾವು ಬರೆದುಕೊಂಡಿಲ್ಲ ಅಕ್ಕ. ಸರತೀಲಿ ಅವರು ಬರಲ್ವಲ್ಲ."

"ಸರತೀಲಿ ಬರಲ್ಲ, ಆದ್ರೆ ಅಧಿಕ ಮಾಸದಲ್ಲಿ ಅವ್ವಂಗೆ ಶ್ಯಾವಿಗೆ ತರೋದು ಅವರೇ ಅಲ್ವಾ? ದೊಡ್ಡ ಸೊಸೆನ ಕೇಳು. ಗಂಡಂದಿರಿಗೆ ಏನೂ ಗೊತ್ತಿರಲ್ಲ."

ಸೊಸೆಗೆ ಗೊತ್ತಿತ್ತು. ಆ-ಕಿಮ್ ಎಂಬ ಮಗಳು ಪಕ್ಕದ ಹಳ್ಳಿಯಲ್ಲಿ ಮೀನುಕೆರೆಗಳ ನಡುವೆ ಇದ್ದಳು. ಲಾಯ್ ನಮ್ಮನ್ನು ಲೈನಿನಲ್ಲಿ ಇಟ್ಟುಕೊಂಡೇ ಅಲ್ಲಿಗೆ ಫೋನ್ ಮಾಡಿದ. ಎತ್ತಿದ್ದು ಒಂದು ಗೊಗ್ಗರು ದನಿ.

"ಯಾರದು?"

"ಹಾಂಗ್ ಅಜ್ಜೀನಾ?"

"ಹೌದು. ಬೇಗ ಹೇಳು, ಶ್ಯಾವಿಗೆ ಆರುತ್ತೆ."

ನಮ್ಮ ಕಚೇರಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಯಜಮಾನರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

"ಅಜ್ಜಿ, ನಿಮ್ಮ ಮಕ್ಕಳು ನೀವೆಲ್ಲಿದೀರಿ ಅಂತ ಹುಡುಕ್ತಿದಾರೆ!" ಎಂದ ಲಾಯ್.

"ಹುಡುಕ್ಲಿ ಬಿಡು. ಮೂವರೂ ‘ನಂದಲ್ಲ ನಂದಲ್ಲ’ ಅಂತಿದ್ರು. ಮಗಳು ಬಂದು ‘ಹಂಗಾದ್ರೆ ನಂದು’ ಅಂದ್ಳು, ಗಾಡಿ ಹತ್ತಿದೆ. ಅದ್ಕೇನೀಗ?"

ಆ-ಕಿಮ್ ಇದ್ದದ್ದು ಆ ಸುತ್ತಿನಲ್ಲೇ ಅತಿ ತಗ್ಗಿನ ಜಾಗ. ಅಕ್ಕ ಆ ಮನೆಯನ್ನು ಮನೆಗಳ ಕೋಷ್ಟಕಕ್ಕೆ ಸೇರಿಸಿ, ಅಜ್ಜಿಯನ್ನು ಅದಕ್ಕೆ ಕಟ್ಟಿದರು. ಯಾವ ಕಾಲಂ ಹೊಸದಾಗಿ ಹಾಕಬೇಕಾಗಲಿಲ್ಲ, ಏನನ್ನೂ ಒಡೆಯಬೇಕಾಗಲಿಲ್ಲ. ಅಗ್ನಿಶಾಮಕದವರ ಪರದೆಯಲ್ಲಿ ಚುಕ್ಕೆ ಮೂಡಿತು, ಗಾಡಿ ಹೊರಟಿತು. ಹಳ್ಳಿಯ ಕರೆಂಟು ಹೋಗುವ ಹೊತ್ತಿಗೆ ಅಜ್ಜಿ ಯಂತ್ರದ ಸಮೇತ ಶಾಲೆಯ ಮಹಡಿಯಲ್ಲಿದ್ದರು. ಅಲ್ಲಿಂದ ಲಾಯ್ ಫೋನ್ ಮಾಡಿ, "ಎಲ್ಲಾರೂ ಬಂದ್ರು ಅಕ್ಕ, ಎಲ್ಲಾರೂ" ಎಂದು ಮತ್ತೆ ಮತ್ತೆ ಹೇಳಿದ. ಅಕ್ಕ ಹ್ಞೂಂ ಹ್ಞೂಂ ಎಂದು ಕೇಳಿಸಿಕೊಂಡು ಫೋನಿಟ್ಟು ಮೆಟ್ಟಿಲ ಕಡೆ ಹೋದರು. ಹಿಂದೆಯೇ ಹೋಗಿ ನೋಡಿದರೆ ಗೋಡೆಗೆ ಹಣೆ ಆನಿಸಿ ಅಳುತ್ತಿದ್ದರು. ನನ್ನನ್ನು ಕಂಡು ನಕ್ಕರು, ಮತ್ತೆ ಅತ್ತರು. "ಹಸಿವಾಗ್ತಿದೆ ಕಣೆ" ಎಂದರು.

ಯಜಮಾನರೇ ಬಿರುಗಾಳಿಯಲ್ಲಿ ಓಡಿಹೋಗಿ, ಬಾಗಿಲೆಳೆಯುತ್ತಿದ್ದ ಅಂಗಡಿಯಿಂದ ಬಿಸಿ ಬನ್ನು ತಂದರು. ತಿನ್ನುವಾಗ ಅವರೆಂದರು: "ಆ ಅಧಿಕ ಮಾಸ ನಿಂಗೆ ಹೊಳೀಲಿಲ್ಲ, ಸರಿ. ನಂಗೂ ಹೊಳೀಲಿಲ್ವಲ್ಲ. ನಮ್ಮಪ್ಪನೂ ಸರತೀಲೇ ಇದಾನೆ."

"ಹೌದಾ? ಈಗ ಯಾರ ಮನೇಲಿದಾರೆ?" ಎಂದರು ಅಕ್ಕ.

ಯಜಮಾನರ ಬನ್ನು ಬಾಯ ಹತ್ತಿರವೇ ನಿಂತಿತು. ಫೋನ್ ಹುಡುಕಲು ಎದ್ದರು. ಅಪ್ಪ ಅಣ್ಣನ ಮನೆಯಲ್ಲಿ ಟಿವಿ ನೋಡುತ್ತ ಸುಖವಾಗಿದ್ದ.

ನೀರಿಳಿದ ಮೇಲೆ ಅಕ್ಕ ತಮ್ಮ ಹೆಮ್ಮೆಯ ಉಪಾಯವನ್ನು ಕಿತ್ತುಹಾಕಿದರು. ಈಗ ಹೊಸ ತಿಂಗಳು ಬಂದರೆ ಮನೆ ತಾನಾಗಿ ಬದಲಾಗುವುದಿಲ್ಲ, ಖಾಲಿಯಾಗುತ್ತದೆ. ಲಾಯ್ ಕಡೆಯ ಹೆಂಗಸೊಬ್ಬರು ಫೋನ್ ಮಾಡಿ ಕೇಳಿ ತುಂಬುತ್ತಾರೆ. ಮುದುಕರಿಗೂ ಮಾತಿಗೆ ಒಬ್ಬರು ಸಿಕ್ಕಂತಾಗಿ ಆ ಫೋನು ಬೇಗ ಮುಗಿಯುವುದಿಲ್ಲವಂತೆ.

ಆ ವರ್ಷ ಇನ್ನೊಂದು ಚಂಡಮಾರುತ ಬಂತು, ಮೊದಲಿನದಕ್ಕಿಂತ ಜೋರಾಗಿ. ಆ ದಿನ ಅಕ್ಕ ಹೊತ್ತಿಗೆ ಸರಿಯಾಗಿ ಊಟ ಮಾಡಿ, ಮೇಜಿನ ಮೇಲೆ ತೋಳಿಟ್ಟು, ಅದರ ಮೇಲೆ ತಲೆಯಿಟ್ಟು ಸಣ್ಣಗೆ ಗೊರಕೆ ಹೊಡೆದರು.