ತೂಗುಮಂಚದ ಮೇಲಿನ ನಡಿಗೆ

ನನ್ನ ಯಜಮಾನರು ಕೋರ್ಟಿನ ಗುಮಾಸ್ತಿಕೆಯಿಂದ ನಿವೃತ್ತರಾದ ಮೇಲೆ ಜಮಖಂಡಿಯ ನಮ್ಮ ಓಣಿಯಲ್ಲೇ ಅತಿ ಹೆಚ್ಚು ನಡೆಯುವ ಹಿರಿಯರೆಂದು ಹೆಸರಾದರು. ನಡೆದದ್ದು ತೂಗುಮಂಚದ ಮೇಲೆ.

ಆ ವರ್ಷ ನನ್ನ ಮೊಣಕಾಲು ಹಿಡಿದಿದ್ದವು. ಭಾಂಡೆ ತಿಕ್ಕಲು, ಕಸ ಹೊಡೆಯಲು ಒಬ್ಬಾಕೆಯನ್ನು ಹಚ್ಚಿಕೊಡಿರೆಂದು ಶಿವರಾತ್ರಿಯಿಂದ ಕೇಳುತ್ತಿದ್ದೆ.

"ಇರೋವ್ರು ಇಬ್ರು. ಕೆಲಸರೆ ಏನೈತಿ ಮನ್ಯಾಗ?" ಎನ್ನುವರು, ಮಂಚದಲ್ಲಿ ಕುಳಿತು ಹೆಬ್ಬೆರಳಿನಿಂದ ನೆಲ ಒದೆಯುತ್ತ.

ಅಷ್ಟರಲ್ಲಿ ನರ್ಸಿಂಗ್ ಕಲಿಯುವ ಹುಡುಗಿಯೊಬ್ಬಳು ಬಂದಳು. ಅರವತ್ತು ದಾಟಿದವರು ದಿನಕ್ಕೆಷ್ಟು ಓಡಾಡುತ್ತಾರೆಂದು ಅಳೆಯುವುದು ಅವಳ ಕೆಲಸ.

"ಅಮ್ಮಾ, ದಿನಾ ಏನೇನ್ ಕೆಲಸ ಮಾಡ್ತೀರಿ?"

ಹೊರಗಿನವರು ಕೇಳಿದರೆ ನಮ್ಮ ಕಡೆಯ ಹೆಂಗಸರೆಲ್ಲ ಹೇಳುವುದನ್ನೇ ನಾನೂ ಹೇಳಿದೆ: "ನಾ ಏನ್ ಕೆಲಸ ಮಾಡ್ತೇನವ್ವಾ, ಮನ್ಯಾಗ ಇರತೇನಿ."

ಅವಳು ಹಾಗೆಯೇ ಬರೆದುಕೊಂಡಳು. ಯಜಮಾನರು ತಮ್ಮದು ದಿನಾ ವಾಕಿಂಗ್ ಎಂದರು. ಚಹಾದಂಗಡಿಗೆ ಹೋಗಿಬರುವುದಕ್ಕೆ ಆ ಹೆಸರು.

ಆಮೇಲೆ ಇಬ್ಬರ ಸೊಂಟಕ್ಕೂ ಹೆಜ್ಜೆ ಎಣಿಸುವ, ಬೆಂಕಿಪೊಟ್ಟಣದಷ್ಟು ಯಂತ್ರ ಸಿಕ್ಕಿಸಿ, ವಾರ ಬಿಟ್ಟು ಬರುವೆನೆಂದು ಹೋದಳು. ನಾನು ಅದಕ್ಕೆ ವಿಭೂತಿ ಹಚ್ಚಿ, ಖರೆ ಹೇಳಪ್ಪಾ ಎಂದು ಕೈಮುಗಿದೆ. ಕುಳಿತು ರೊಟ್ಟಿ ಬಡಿದೆ, ಕುಳಿತು ಬಟ್ಟೆ ಒಗೆದೆ, ಕುಳಿತೇ ಭಾಂಡೆ ತಿಕ್ಕಿದೆ. ಬೆವರು ಇಳಿಯಿತು, ಅಂಕಿ ಏರಲಿಲ್ಲ. ಅತ್ತ ಯಜಮಾನರು ಉಂಡು ಮಂಚ ಏರಿದರೆ, ಒಂದೊಂದು ಜೀಕಿಗೂ ಅವರ ಯಂತ್ರ ಹೆಜ್ಜೆ ಎಣಿಸುತ್ತಿತ್ತು. ಕಣ್ಣು ಹತ್ತುವಷ್ಟರಲ್ಲಿ ದೂರದ ಸಾವಳಗಿ ಊರನ್ನೇ ಮುಟ್ಟಿರುತ್ತಿದ್ದರು!

ವಾರದ ನಂತರ ಹುಡುಗಿ ಬಂದು ಯಂತ್ರ ಬಿಚ್ಚಿಕೊಂಡಳು. ಅವರಿಗೆ ಹಿರಿಯರಿಗೆಲ್ಲ ಮಾದರಿ ಎಂಬ ಕಾಗದ ಸಿಕ್ಕಿತು. ನನಗೆ ಸಿಕ್ಕಿದ್ದು ಬುದ್ಧಿಮಾತು.

"ಅಮ್ಮಾ, ನೀವು ಭಾಳ ಕುಂಡ್ರತೀರಿ. ಕುಂಡ್ರೂದ ಕಮ್ಮಿ ಮಾಡ್ರಿ, ಮುಂಜಾನೆ ಒಂದ್ ತಾಸರೆ ನಡೀರಿ."

"ನಾ ಹೇಳಿದ್ರ ಕೇಳಂಗಿಲ್ಲಾಕಿ. ನೀನರೆ ಹೇಳವ್ವಾ," ಎಂದರು ಯಜಮಾನರು.

ಗಂಡನ ಮಾತು ಮೀರಿದವಳಲ್ಲ ನಾನು. ಮರುದಿನ ರೊಟ್ಟಿಯ ಹೊತ್ತಿಗೇ ಚಪ್ಪಲಿ ಮೆಟ್ಟಿ ಬಸವಣ್ಣನ ಗುಡಿಗೆ ಹೊರಟೆ. ಮೊಣಕಾಲು ಒಪ್ಪಿದ್ದು ಐದೇ ಸುತ್ತು. ಉಳಿದ ಹೊತ್ತು ಕಟ್ಟೆಯ ಮೇಲೆ ಜಪ ಮಾಡಿದೆ. ಅದನ್ನು ಎಣಿಸಲು ಯಂತ್ರವಿರಲಿಲ್ಲ, ದೇವರ ದಯೆ. ಬರುವಾಗ ಹತ್ತು ಗಂಟೆ.

"ರೊಟ್ಟಿ ಎಲ್ಲಿ?"

"ಕುಂಡ್ರಬ್ಯಾಡ ಅಂದಾಳಲ್ರೀ ಆ ಹುಡುಗಿ. ನಿಂತ ರೊಟ್ಟಿ ಬಡಿಯಾಕ ನನಗ ಬರಂಗಿಲ್ಲ. ಭಾಂಡಿ ತಿಕ್ಕಾಕೂ ಬರಂಗಿಲ್ಲ."

ಎರಡು ದಿನ ಚುರುಮರಿ ತಿಂದರು. ಮೂರನೆಯ ದಿನ ತಾವೇ ನಡೆದು, ಈ ಸಲ ನೆಲದ ಮೇಲೆ, ಹಿಂದಿನ ಓಣಿಯಿಂದ ಒಬ್ಬಾಕೆಯನ್ನು ಕರೆತಂದರು.

"ಕಸ, ಭಾಂಡಿ, ಅರಿಬಿ ಒಗ್ಯೂದು ಈಕಿ ನೋಡ್ಕೋತಾಳ. ನೀ ರೊಟ್ಟಿ ಅಷ್ಟ ಬಡಿ ಮಾರಾಯ್ತಿ."

ಬಡಿದೆ. ಅಂದು ಬಿಸಿಬಿಸಿಯಾಗಿ ನಾಲ್ಕು ರೊಟ್ಟಿ ಉಂಡು ಮತ್ತೆ ಮಂಚವೇರಿ ನಡೆಯತೊಡಗಿದರು. ಮಾದರಿಯ ಕಾಗದಕ್ಕೆ ಕಟ್ಟು ಹಾಕಿಸಿ ಮಂಚದ ಮೇಲುಗಡೆಯೇ ತೂಗುಹಾಕಿದ್ದಾರೆ. ಅದರ ಧೂಳನ್ನು ಈಗ ಕೆಲಸದಾಕೆ ಒರೆಸುತ್ತಾಳೆ.