ಅತ್ತೆ ಅಂಜುತ್ತಲೇ ಬಡಿಸಿದ ನವಣೆ

ನಮ್ಮ ಅತ್ತೆಯ ಸೆರಗಿನ ತುದಿ ಯಾವಾಗಲೂ ಒದ್ದೆ. ಸ್ವಲ್ಪ ದಿಗಿಲಾದರೆ ಸಾಕು, ಅದನ್ನು ಬಾಯಿಗಿಟ್ಟುಕೊಂಡು ಕಚ್ಚುವರು. ದಿಗಿಲಿಲ್ಲದ ಹೊತ್ತು ಅವರಿಗೆ ಇದ್ದದ್ದೇ ಕಡಿಮೆ. ಮಗ ಸೈಕಲ್ ಹತ್ತಿದರೆ ಭಯ, ಹಾಲು ಉಕ್ಕಿದರೆ ಭಯ, ಉಕ್ಕದಿದ್ದರೆ ಇನ್ನೂ ಭಯ. ಹೆಡತಲೆ ಎಂಬ ಊರಿನ ಆ ಮನೆಗೆ ಸೊಸೆಯಾಗಿ ಹೋದ ಹೊಸದರಲ್ಲಿ ನಾನು ಒಳಗೊಳಗೇ ನಗುತ್ತಿದ್ದೆ.

ತೊಂಬತ್ತರ ದಶಕದ ಮಾತು. ನಾನು ಬಸುರಿ. ಆರು ತಿಂಗಳು ತುಂಬಿದರೂ ಹೊಟ್ಟೆ ಎದ್ದು ಕಾಣುತ್ತಿರಲಿಲ್ಲ. ನಂಜನಗೂಡಿನ ಲೇಡಿ ಡಾಕ್ಟರ್ ನೋಡಿ, ಮಗುವಿನ ಬೆಳವಣಿಗೆ ಸಾಲದು, ಮೊಟ್ಟೆ, ಬೇಳೆ ತಿನ್ನಬೇಕು ಎಂದರು. ಮೊಟ್ಟೆ ನಮ್ಮ ಮನೆಯ ಹೊಸಿಲು ದಾಟುವಂತಿರಲಿಲ್ಲ. ಬೇಳೆ ಬೇಯುವ ವಾಸನೆಗೇ ನಾನು ಹಿತ್ತಲಿಗೆ ಓಡುತ್ತಿದ್ದೆ. ಹೊಟ್ಟೆಯಲ್ಲಿ ನಿಲ್ಲುತ್ತಿದ್ದದ್ದು ಬಿಳಿ ಅನ್ನ ಒಂದೇ.

"ಹಾಗಾದ್ರೆ ಅನ್ನವನ್ನೇ ಬದಲಾಯಿಸಿ. ಅಕ್ಕಿ ಬದಲು ನವಣೆ ಮಾಡಿಕೊಡಿ, ಅದರಲ್ಲಿ ಪ್ರೋಟೀನ್ ಜಾಸ್ತಿ" ಎಂದರು ಡಾಕ್ಟರ್.

ಅತ್ತೆಯ ಸೆರಗು ಬಾಯಿಗೆ ಹೋಯಿತು. "ನವಣೆ ಉಷ್ಣ ಕಣವ್ವ. ಬಾಣಂತೀಗಾದ್ರೆ ಸೈ, ಬಸ್ರೀಗೆ ಯಾರಾರ ಕೊಡ್ತಾರಾ?"

"ಅದೆಲ್ಲ ಸುಮ್ನೆ ಹೇಳೋದು ಅಮ್ಮ. ಧೈರ್ಯವಾಗಿ ಕೊಡಿ."

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅತ್ತೆ ಬಾಯಿಬಿಟ್ಟರು. ಮೊದಲ ಬಸಿರಿನಲ್ಲಿ ಅವರು ಕವಲಂದೆಯ ತವರಿನಲ್ಲಿದ್ದರಂತೆ. ಮಳೆ ನಂಬಿದ ಹೊಲ, ಮನೆಯಲ್ಲಿ ಆ ವರ್ಷ ನವಣೆ ಬಿಟ್ಟರೆ ಬೇರೆ ಕಾಳಿಲ್ಲ. ತಿಂಗಳು ತುಂಬುವ ಮೊದಲೇ ಹೆಣ್ಣು ಹುಟ್ಟಿತು, ಅಳಲೇ ಇಲ್ಲ. "ನಾನೇ ತಿಂದು ತಿಂದು ಕಳ್ಕೊಂಡೆ ಕಣವ್ವ" ಎಂದರು. ಅಂದಿನಿಂದ ನವಣೆಯನ್ನು ಅವರು ಕೈಯಲ್ಲೂ ಮುಟ್ಟಿರಲಿಲ್ಲ.

"ಹಂಗಾದ್ರೆ ನಂಗೂ ಬೇಡ ಅತ್ತೆ" ಎಂದೆ.

"ಬ್ಯಾಡ ಅಂತ ಕುಂತ್ಕಂಡ್ರೆ ಒಟ್ಟೇಲಿರೋದು ಬೆಳೀಬ್ಯಾಡ್ವಾ? ಡಾಕ್ಟ್ರು ಓದ್ದೋರು. ನನ್ ಬುದ್ಧಿ ಕೇಳಿ ಇದನ್ನೂ ಕಳ್ಕಂಡ್ರೆ?" ಎಂದವರೇ ಬಂದ ಬಸ್ಸನ್ನು ಬಿಟ್ಟು ಪೇಟೆ ಕಡೆ ನಡೆದರು.

ಪೇಟೆಯಲ್ಲಿ ನವಣೆಯನ್ನು ಆಗ ಯಾರೂ ಊಟಕ್ಕೆ ಕೊಳ್ಳುತ್ತಿರಲಿಲ್ಲ, ಸಾಕಿದ ಹಕ್ಕಿಗಳಿಗೆ ಹಾಕಲು ಒಯ್ಯುತ್ತಿದ್ದರು. ಅಂಗಡಿಯವನು ತೂಗುತ್ತಾ, "ಎಷ್ಟು ಗಿಣಿ ಸಾಕಿದ್ದೀರಿ ಅಜ್ಜಿ?" ಎಂದ.

"ಒಂದೇ ಕಣಪ್ಪ" ಎಂದರು ಅತ್ತೆ. ಅವರು ತಮಾಷೆ ಮಾಡಿದವರಲ್ಲ, ಆದರೂ ನನಗೆ ನಗು ತಡೆಯಲಾಗಲಿಲ್ಲ.

ತಾವೇ ಕುಟ್ಟಿ, ಕೇರಿ, ಮೆತ್ತಗೆ ಬೇಯಿಸಿ, ಉಷ್ಣ ಇಳಿಯಲೆಂದು ಮಜ್ಜಿಗೆ ಸುರಿದು ಬಡಿಸುವರು. ನಾನು ಉಣ್ಣುವಾಗ ಎದುರಿಗೇ ಕೂತು ನನ್ನ ಹೊಟ್ಟೆಯನ್ನೇ ನೋಡುವರು. "ಮಿಸುಕ್ತಾ?" ಎಂಬುದೊಂದೇ ಮಾತು. ಮಿಸುಕಿತು ಎಂದರೆ ಮಾತ್ರ ತಮ್ಮ ತಟ್ಟೆಗೆ ಕೈ ಹಾಕುವರು. ಒಂದು ದಿನ ಮಧ್ಯಾಹ್ನವಾದರೂ ಮಗು ಅಲುಗಲಿಲ್ಲ. ಅತ್ತೆ ಉಳಿದ ನವಣೆ ಅನ್ನವನ್ನು ಪಾತ್ರೆ ಸಮೇತ ಹಿತ್ತಲಿಗೆ ಎಸೆದು ಬಂದು ನನ್ನ ಪಕ್ಕ ಗೋಡೆಗೊರಗಿದರು. ದೀಪ ಹಚ್ಚುವ ಹೊತ್ತಿಗೆ ಒಳಗೆ ಒಂದು ಒದೆ ಬಿತ್ತು. ಅವರ ಕೈ ಎಳೆದು ಅಲ್ಲಿಟ್ಟೆ. ಬೆಳಿಗ್ಗೆ ಎದ್ದರೆ ಮತ್ತೆ ಒನಕೆಯ ಸದ್ದು.

ದಿನ ತುಂಬಿಯೇ ಹೆರಿಗೆಯಾಯಿತು. ಮೈಕೈ ತುಂಬಿದ ಹೆಣ್ಣು ಮಗು, ಆಸ್ಪತ್ರೆಯ ಸೂರು ಹಾರಿಹೋಗುವಂತೆ ಅತ್ತಳು. ಎಲ್ಲರೂ ನಗುತ್ತಿದ್ದಾಗ ಅತ್ತೆ ಬಾಗಿಲ ಬಳಿ ನಿಂತು ಬಿಕ್ಕುತ್ತಿದ್ದರು. ಸಂತೋಷಕ್ಕೆ ಎಂದುಕೊಂಡೆ. ಆಮೇಲೆ ಹತ್ತಿರ ಬಂದು ನನಗೊಬ್ಬಳಿಗೇ ಕೇಳುವಂತೆ ಅಂದರು: "ಅಂಗಾರೆ, ನವಣೆಯಿಂದ ಅಲ್ದಿದ್ರೆ ನನ್ ಕೂಸು ಯಾತಕ್ಕೋಯ್ತವ್ವ?"

ಅವರ ಕೈ ಹಿಡಿದುಕೊಂಡೆ.

ನನ್ನ ಮಗಳು ಶಾಲೆಗೆ ಹೋಗುತ್ತಿದ್ದಾಗ ಅತ್ತೆ ತೀರಿಕೊಂಡರು. ಅಂಜುತ್ತಲೇ ಬಡಿಸಿ ಅವರು ನನಗೊಂದು ಕೂಸನ್ನು ಕೊಟ್ಟರು, ತಮ್ಮದನ್ನು ಎರಡನೇ ಸಲ ಕಳೆದುಕೊಂಡರು. ಆ ಋಣ ತೀರಿಸುವ ದಾರಿ ನನಗಿನ್ನೂ ಕಂಡಿಲ್ಲ.